ಬ್ರೇಕ್ ಮೇಷ್ಟ್ರು ಹಿಡಿದ ಹಟ

ಡ್ರೈವಿಂಗ್ ಸ್ಕೂಲಿನಲ್ಲಿ ಅವರನ್ನು ಎಲ್ಲರೂ ಬ್ರೇಕ್ ಮೇಷ್ಟ್ರು ಎನ್ನುತ್ತಿದ್ದರು. ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ತಮ್ಮ ಕಾಲಡಿಯ ಇನ್ನೊಂದು ಬ್ರೇಕನ್ನು ಒತ್ತುತ್ತ ಒತ್ತುತ್ತಲೇ ಕೂದಲು ನರೆತವರು. ಊರಿನ ಅರ್ಧ ಜನಕ್ಕೆ ಸ್ಟಿಯರಿಂಗ್ ಹಿಡಿಯಲು ಕಲಿಸಿದ ಪುಣ್ಯಾತ್ಮನಿಗೆ ಮನೆಯಲ್ಲಿ ಮಾತಾಡಿಸುವವರೇ ಇರಲಿಲ್ಲ. ಹೆಂಡತಿ ತೀರಿಕೊಂಡ ಮೇಲೆ ಅಡುಗೆಮನೆಯ ಎರಡು ಕುರ್ಚಿಗಳಲ್ಲಿ ಒಂದರ ಮೇಲೆ ಒಗೆದ ಬಟ್ಟೆ ಗುಡ್ಡೆ ಬಿದ್ದಿರುತ್ತಿತ್ತು. ಮಡಚಿಟ್ಟರೆ ಕುರ್ಚಿ ಬರಿದಾಗಿ ಕಾಣುತ್ತದೆ ಎಂದೇ ಅವರು ಮಡಚುತ್ತಿರಲಿಲ್ಲ.

ಹೀಗಿರುವಾಗ ತಂಗಿ ಮತ್ತು ಅವಳ ಗಂಡ ಯುರೋಪಿಗೆ ಹೊರಟರು. ನಾಲ್ಕಾರು ಊರು ಸುತ್ತುವ ಪ್ರವಾಸ. "ನೀನೂ ಬಾ ಅಣ್ಣ" ಎಂದು ತಂಗಿ ಕರೆದದ್ದೇ ತಡ, ಬೇಡ ಬೇಡ ಎನ್ನುವ ಶಾಸ್ತ್ರವನ್ನೂ ಮಾಡದೆ ಮೇಷ್ಟ್ರು ಒಪ್ಪಿಬಿಟ್ಟರು. ತಕರಾರು ಎದ್ದದ್ದು ಊರಿಂದೂರಿಗೆ ಹೋಗುವುದು ಹೇಗೆ ಎಂಬಲ್ಲಿ.

"ರೈಲೇ ವಾಸಿ ಭಾವ," ಎಂದರು ಔಷಧಿ ಅಂಗಡಿ ಇಟ್ಟಿದ್ದ ತಂಗಿಯ ಗಂಡ. "ಊರ ನಡುವೆ ಹತ್ತಿ ಊರ ನಡುವೆ ಇಳೀಬಹುದು. ಕಾರಾದ್ರೆ ನಿಲ್ಸೋಕೆ ಜಾಗ ಹುಡುಕೋದ್ರಲ್ಲೇ ರಜ ಮುಗಿದೋಗುತ್ತೆ."

"ಪೆಟ್ಟಿಗೆ ಹೊತ್ಕೊಂಡು ಮೆಟ್ಲು ಹತ್ತಿಳಿಯೋರು ಯಾರು? ಕಾರಾದ್ರೆ ಬೇಕಾದ ಕಡೆ ನಿಲ್ಲಿಸ್ಬಹುದು. ಓಡಿಸೋಕೆ ನಾನಿಲ್ವಾ?" ಮೇಷ್ಟ್ರು ಪಟ್ಟು ಬಿಡಲಿಲ್ಲ.

ನಿಜವಾದ ಕಾರಣ ಪೆಟ್ಟಿಗೆಯೂ ಅಲ್ಲ, ಮೆಟ್ಟಿಲೂ ಅಲ್ಲ. ರೈಲಿನಲ್ಲಿ ಗಂಡ ಹೆಂಡತಿ ಜೊತೆಗೆ ಕೂರುತ್ತಾರೆ, ತನಗೆ ಯಾರೋ ಅಪರಿಚಿತರ ಪಕ್ಕದ ಸೀಟೇ ಗತಿ. ಕಾರಿನಲ್ಲಾದರೆ ಗಂಟೆಗಟ್ಟಲೆ ಮೂವರೂ ಒಟ್ಟಿಗೆ. ಯಾರಾದರೂ ಏನಾದರೂ ಮಾತಾಡಲೇಬೇಕು. ಇದನ್ನು ಬಾಯಿಬಿಟ್ಟು ಹೇಳುವುದಾದರೂ ಹೇಗೆ? ಈ ವಯಸ್ಸಿನ ಗಂಡಸಿಗೆ ನಾಚಿಕೆ ಅನ್ನುವುದೊಂದು ಇರುತ್ತದಲ್ಲ.

ಕೊನೆಗೆ ತಂಗಿಯೇ ಒಂದು ಉಪಾಯ ಹುಡುಕಿದಳು. ಭಾನುವಾರ ಮೂವರೂ ಕಾರಿನಲ್ಲಿ ಪಕ್ಕದೂರಿಗೆ ಹೋಗಿ ಬರುವುದು, ಆಮೇಲೆ ತೀರ್ಮಾನ. ಹೋಗುವಾಗ ಮೇಷ್ಟ್ರು ಓಡಿಸಿದರು. ಒಂದು ಕುಲುಕಾಟವಿಲ್ಲ, ನಿಜ. ಆದರೆ ಹಿಂದಿನ ಸೀಟಿನಿಂದ ತಂಗಿ ಏನು ಕೇಳಿದರೂ ಅವರದು "ಹೂಂ" ಒಂದೇ. ಬರುವಾಗ ತಂಗಿಯ ಗಂಡ ಓಡಿಸಿದರು. ಆಗ ಶುರುವಾಯಿತು ನೋಡಿ. "ಕನ್ನಡಿ." "ಗೇರ್ ಇಳ್ಸಿ." "ಇಂಡಿಕೇಟರ್." ಎದುರಿಗೊಂದು ಸೈಕಲ್ ಬಂದಾಗ ಮೇಷ್ಟ್ರು ಇಲ್ಲದ ಬ್ರೇಕನ್ನು ಒತ್ತಿದ ರಭಸಕ್ಕೆ ಕಾಲಡಿಯ ಮ್ಯಾಟೇ ಮುಂದೆ ಸರಿಯಿತು. ಬ್ರೇಕ್ ಸಿಗಲಿಲ್ಲವೆಂಬ ಗಾಬರಿಯಲ್ಲಿ ಕೈಹಾಕಿ ಸ್ಟಿಯರಿಂಗನ್ನೇ ಎಳೆದುಬಿಟ್ಟರು. ಕಾರು ರಸ್ತೆ ಪಕ್ಕದ ಮಣ್ಣಿಗಿಳಿದು ನಿಂತಿತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಸೈಕಲ್ಲಿನವನು ದುರುಗುಟ್ಟಿ ನೋಡಿ ಹೋದ.

ಮೇಷ್ಟ್ರ ಮನೆ ತಲುಪಿದ ಕೂಡಲೇ ತಂಗಿಯ ಗಂಡ ಅಂಗಡಿಯ ನೆಪ ಹೇಳಿ ಹೊರಟುಹೋದರು. ತಂಗಿ ಟೀ ಮಾಡಿ ತಂದು, ಕುರ್ಚಿಯ ಮೇಲಿದ್ದ ಬಟ್ಟೆ ಗುಡ್ಡೆಯನ್ನು ಪಕ್ಕಕ್ಕಿಟ್ಟು, ಮೇಜಿನ ಆಚೆ ಬದಿ ಕೂತಳು.

"ಅಣ್ಣ, ರೈಲಲ್ಲೇ ಹೋಗೋಣ."

"ನಾನು ಬರಲ್ಲ ಬಿಡು. ನೀವಿಬ್ರೂ ಹೋಗ್ಬನ್ನಿ."

"ಸ್ಟಿಯರಿಂಗ್ ಎಳೆದಿದ್ದಕ್ಕಲ್ಲ ಕಣೋ. ನಿನ್ನ ಹತ್ರ ಮಾತಾಡ್ಬೇಕು ಅಂತಾನೇ ನಾನು ಕರೆದಿದ್ದು. ಬೆಳಿಗ್ಗೆಯಿಂದ ಜೊತೇಲಿದೀವಿ, ಒಂದು ಸಲ ನನ್ನ ಮುಖ ನೋಡಿದ್ಯಾ? ರಸ್ತೆ ನೋಡ್ದೆ, ಅಷ್ಟೇ. ಅತ್ತಿಗೇನೂ ಇದನ್ನೇ ಹೇಳ್ತಿದ್ರು, ನಿಮ್ಮಣ್ಣ ಪಕ್ಕದಲ್ಲಿರ್ತಾರೆ, ಎದುರಿಗೆ ಮಾತ್ರ ಸಿಗಲ್ಲ ಅಂತ. ರೈಲಲ್ಲಿ ಎದುರುಬದುರು ಸೀಟಿರುತ್ತೆ. ನಾನು ನಿನ್ನೆದುರಿಗೆ ಕೂರ್ತೀನಿ."

ಹೆಂಡತಿ ಹೀಗೆ ಹೇಳುತ್ತಿದ್ದಳೆಂದು ಮೇಷ್ಟ್ರಿಗೆ ಗೊತ್ತೇ ಇರಲಿಲ್ಲ. ಅವಳ ಜೊತೆ ಎಷ್ಟೋ ಊರು ಸುತ್ತಿದ್ದರು, ಸುತ್ತಿದ್ದೆಲ್ಲ ಕಾರಿನಲ್ಲೇ. ಪಕ್ಕದಿಂದ ಕಾಣುತ್ತಿದ್ದ ಅವಳ ಒಂದು ಕೆನ್ನೆ, ಒಂದು ಕಿವಿಯ ಓಲೆ ಈಗಲೂ ಕಣ್ಣಿಗೆ ಕಟ್ಟಿದಂತಿತ್ತು. ಪೂರ್ತಿ ಮುಖ ನೆನೆಸಿಕೊಳ್ಳಬೇಕೆಂದರೆ ಮಾತ್ರ ಎದ್ದುಹೋಗಿ ಫೋಟೋ ನೋಡಬೇಕಾಗಿತ್ತು.

"ಈಗ್ಲೇ ಏನಾದ್ರೂ ಮಾತಾಡು," ಎಂದಳು ತಂಗಿ.

ಮೇಷ್ಟ್ರ ಕಣ್ಣು ಕಿಟಕಿಯಾಚೆಯ ಬೀದಿಗೆ ಜಾರಿತು. ಬಲವಂತವಾಗಿ ಅದನ್ನು ಹಿಂದಕ್ಕೆ ತಂದು ತಂಗಿಯ ಮುಖದ ಮೇಲಿಟ್ಟರು. ಅವಳ ಹಣೆಯ ಮೇಲೂ ಬಿಳಿ ಕೂದಲು ಬಂದಿದ್ದವು, ಯಾವಾಗ ಬಂದವೋ.

"ಒಬ್ನೇ ಇರೋಕಾಗ್ತಿಲ್ಲ ಕಣೇ," ಎಂದರು.

ತಂಗಿ ಕೂತಲ್ಲಿಂದ ಕದಲಲಿಲ್ಲ. "ಮತ್ತೆ? ಹೇಳು," ಎಂದಳು.