ಅಣ್ಣನ ಕೊನೆಯ ಮಾತು

ಇದನ್ನು ನಂಬದೆ ಇರಿ, ನೋಡುವ! ಕಡಬದಿಂದ ಸುಳ್ಯದವರೆಗೆ, ಕುಳಿತಲ್ಲೇ ಮಾತು ಹುಟ್ಟಿಸುವ ತಾಳಮದ್ದಳೆಯಲ್ಲಿ ನನ್ನನ್ನು ಸೋಲಿಸಿದವರಿಲ್ಲ. ಬಾಣ ತಾಗಿ ಬಿದ್ದ ರಾಕ್ಷಸನ ಬಾಯಿಂದಲೂ ಅರ್ಧ ಗಂಟೆ ಮಾತಾಡಿಸಿದವ ನಾನು. ಅದಕ್ಕೇ, ಭೋಪಾಲದಲ್ಲಿ ವಿಷದ ಗಾಳಿ ಹರಡಿದಾಗ ನಾನೂ ಅಣ್ಣನೂ ಅಲ್ಲೇ ಹೋಟೆಲು ಕೆಲಸದಲ್ಲಿದ್ದೆವು, ಅಣ್ಣ ನನ್ನೆದುರೇ ಸತ್ತ ಎಂದರೆ ಊರಿನವರು, "ಹೋಗು ಮಾರಾಯ, ನಿನ್ನದೊಂದು!" ಎನ್ನುತ್ತಾರೆ.

ಪುತ್ತೂರಿನ ಕಾಲೇಜು ಮಕ್ಕಳು ಮಾತ್ರ ಆ ದುರಂತದ ನಾಟಕ ಕಟ್ಟುತ್ತೇವೆಂದು ನನ್ನನ್ನು ಹುಡುಕಿಕೊಂಡು ಬಂದರು. ಎಲ್ಲವನ್ನೂ ಹೇಳಿದೆ: ಕಣ್ಣು ಉರಿದದ್ದು, ಬಿದ್ದವರನ್ನು ತುಳಿದುಕೊಂಡು ಜನ ಓಡಿದ್ದು, ಆಸ್ಪತ್ರೆಯ ಅಂಗಳದಲ್ಲಿ ಅಣ್ಣನನ್ನು ಮಲಗಿಸಲು ಜಾಗವಿಲ್ಲದ್ದು.

"ಅಜ್ಜಾ, ಕೊನೆಗೆ ಅವರು ಎಂತ ಹೇಳಿದ್ರು?" ಅಣ್ಣನ ಪಾತ್ರ ಮಾಡುವ ಹುಡುಗಿ ಕೇಳಿದಳು.

"'ನಾನು ಉಂಡಿದ್ದೇನೆ ಅಂತ ಅಮ್ಮನಿಗೆ ಹೇಳು' ಅಂದ."

ನಾಟಕದ ದಿನ ಆ ಮಾತಿಗೆ ಸಭೆಯಿಡೀ ಅತ್ತಿತು. ಮುಗಿದ ಮೇಲೆ, ನೋಡಲು ಬಂದಿದ್ದ ಮಕ್ಕಳನ್ನು ಕೆಣಕಿದೆ.

"ಕಣ್ಣೀರು ಸಾಕು. ಆ ಗಾಳಿ ಎಲ್ಲಿಂದ ಬಂದದ್ದು, ಹೇಳಿ ನೋಡುವ? ಬದುಕಿದವರಿಗೆ ಆಮೇಲೆ ಎಂತ ಆಯ್ತು?"

"ಅದೆಲ್ಲ ಗೊತ್ತಿಲ್ಲ ಅಜ್ಜಾ. ಆದ್ರೆ ಆ ಉಂಡಿದ್ದೇನೆ ಅಂದದ್ದು ಉಂಟಲ್ಲ, ಅದು ಸಾಯುವವರೆಗೆ ಮರೆಯುದಿಲ್ಲ."

ನಾನು ಹೋದರೆ ಆ ದುರಂತವನ್ನು ಕಣ್ಣಾರೆ ಕಂಡವರು ಈ ಸೀಮೆಯಲ್ಲಿ ಯಾರೂ ಇಲ್ಲ. ಅಣ್ಣ ಏನನ್ನೂ ಹೇಳಿರಲಿಲ್ಲ, ಅವನ ಬಾಯಿಂದ ಬಂದದ್ದು ಬರೀ ನೊರೆ. ಇಷ್ಟೆಲ್ಲ ಹೇಳಿದ್ದರಲ್ಲಿ ನಾನು ಕಟ್ಟಿದ ಸುಳ್ಳು ಆ ಮಾತೊಂದೇ.