ಪಲ್ಪರ್ ಮೆಕ್ಯಾನಿಕ್ ತಿಂದ ಅಕ್ಕಿರೊಟ್ಟಿ

ಅವರ ಜೀಪು ಹಸಿರೋ ನೀಲಿಯೋ, ಖಾತ್ರಿಯಿಲ್ಲ. ಬೇರೆ ವಿವರಗಳೂ ತಪ್ಪಿರಬಹುದು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಕೆಟ್ಟಾಗ ಕೊಟ್ಟಿಗೆಹಾರದಿಂದ ನಮ್ಮ ತೋಟಕ್ಕೆ ಬರುತ್ತಿದ್ದ ಮೆಕ್ಯಾನಿಕ್ ಅವರು. ಸಕ್ಕರೆ ಕಾಯಿಲೆಗೆ ಯಾವ ತಿಂಡಿ ಒಗ್ಗುತ್ತದೆಂದು ತಮ್ಮ ಮೇಲೇ ಪ್ರಯೋಗ ಮಾಡುತ್ತಿದ್ದರು. ತಿಂದು ಎರಡು ಗಂಟೆಗೆ ಬೆರಳು ಚುಚ್ಚಿ, ಜೇಬಿನ ಮೀಟರ್ ನೋಡಿ, "ಮಷೀನ್ ಸುಳ್ಳು ಹೇಳಲ್ಲ ಮಾರಾಯ್ತಿ" ಅನ್ನುವರು.

ಚಿಕ್ಕಮ್ಮನ ಅಕ್ಕಿರೊಟ್ಟಿ ಅವರಿಗೆ ಪ್ರಾಣ. ತಿಂಗಳುಗಟ್ಟಲೆ ಬಿಟ್ಟಿದ್ದವರು ಒಂದು ಬೆಳಿಗ್ಗೆ, "ಇವತ್ತು ನಿಮ್ಮ ರೊಟ್ಟಿಗೆ ಪರೀಕ್ಷೆ ಅಮ್ಮಾ" ಎಂದು ಒಂದೇ ಒಂದು ತಿಂದರು.

"ಫೇಲಾದ್ರೆ ನನ್ನ ಬೈಬೇಡಿ ಮಾರಾಯ್ರೆ," ಎಂದು ಚಿಕ್ಕಮ್ಮ ನಕ್ಕರು.

ಪಲ್ಪರ್ ಬಿಚ್ಚಿ ಜೋಡಿಸಿದ ಮೇಲೆ ಅಲ್ಲೇ ಕೂತು ಬೆರಳು ಚುಚ್ಚಿಕೊಂಡರು. ಮೀಟರ್ ಎಂದೂ ಇಲ್ಲದಷ್ಟು ಏರಿತ್ತು. "ಮಷೀನ್ ಸುಳ್ಳು ಹೇಳಲ್ಲ," ಎಂದರು, ಮೆಲ್ಲಗೆ. ಮತ್ತೆಂದೂ ರೊಟ್ಟಿ ಮುಟ್ಟಲಿಲ್ಲ. ಚಿಕ್ಕಮ್ಮನೂ ತಿಂಡಿಗೆ ಕರೆಯುವುದನ್ನು ಬಿಟ್ಟರು.

ಆ ಮೆಕ್ಯಾನಿಕ್ ಈಗ ಇಲ್ಲ. ಮೊನ್ನೆ ನನ್ನ ಬೆರಳು ಚುಚ್ಚುವ ಮೊದಲು ನರ್ಸ್, "ಹಣ್ಣು ಮುಟ್ಟಿದ್ರೆ ಕೈ ತೊಳ್ಕೊಳ್ಳಿ, ಆ ಸಿಹಿನೂ ಮೀಟರಿಗೆ ಹತ್ತುತ್ತೆ" ಎಂದಳು. ಕಾಫಿ ಹಣ್ಣಿನ ಸಿಹಿ ಲೋಳೆ ಅವರ ಬೆರಳಲ್ಲಿ ಹೊಳೆದಂತೆ ನೆನಪಾಯಿತು. ಅದು ನೆನಪೋ, ಈಗ ಸೇರಿಸಿಕೊಂಡದ್ದೋ. ಚಿಕ್ಕಮ್ಮನಿಗೆ ಫೋನ್ ಮಾಡಿದೆ.

"ಚಿಕ್ಕಮ್ಮಾ, ಆವತ್ತು ಚುಚ್ಕೊಳ್ಳೋ ಮುಂಚೆ ಅವ್ರು ಕೈ ತೊಳೆದಿದ್ರಾ?"