ಪರೀಕ್ಷಕರನ್ನು ಹೊರಗೆ ಕಳುಹಿಸಿದ ಕುರಿತು

ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ಮಾನ್ಯ ಓದುಗರ ಗಮನಕ್ಕೆ ತರಬಯಸುವುದೇನೆಂದರೆ, ನಾನು ಇತ್ತೀಚೆಗೆ ನನ್ನ ಪರೀಕ್ಷಕರನ್ನೇ ಪರೀಕ್ಷಾ ಕೊಠಡಿಯಿಂದ ಹೊರಗೆ ಕಳುಹಿಸಿರುತ್ತೇನೆ.

(ಇದು ನನ್ನ ಮೊದಲ ಅಂಕಣ. ತಪ್ಪಿದ್ದಲ್ಲಿ ಮನ್ನಿಸಬೇಕಾಗಿ ವಿನಂತಿ.)

ನಾನು ಸವದತ್ತಿಯಲ್ಲಿ ಡಿಪ್ಲೊಮಾ ಓದಿದ ನರ್ಸ್. ಹಲವು ವರ್ಷಗಳ ಸೇವೆಯ ತರುವಾಯ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ನರ್ಸಿಂಗ್ ಪದವಿಗೆ ಸೇರಿದೆ. ಮನೋಳಿಯ ನಮ್ಮ ಅತ್ತೆಯವರ ಆಕ್ಷೇಪಣೆ ಈ ಕೆಳಗಿನಂತಿತ್ತು:

"ಸೂಜಿ ಚುಚ್ಚಾಕ ಬರ್ತೈತಿ, ಪಗಾರ ಬರ್ತೈತಿ. ಇನ್ನೇನ ಕಲೀತಿ, ಎರಡೂ ಕೈಲೆ ಚುಚ್ಚೂದನ್ನ?"

ಕೊನೆಗೆ ಷರತ್ತುಬದ್ಧ ಮಂಜೂರಾತಿ ದೊರೆಯಿತು. "ಒಂದ ಸಲ ಫೇಲಾದಿ ಅಂದ್ರ ಮುಗೀತ ನೋಡವಾ. ಪುಸ್ತಕ ಕಟ್ಟಿ ಅಟ್ಟದ ಮ್ಯಾಲ ಇಡೂದ."

ಮುಂದೆ ನರ್ಸಿಂಗ್ ಕಾಲೇಜಿನಲ್ಲಿ ಪಾಠ ಹೇಳಬೇಕೆಂಬ ನನ್ನ ಆಸೆಯೂ ಅದೇ ಅಟ್ಟ ಸೇರುವುದಿತ್ತು.

ಕೊನೆಯ ಪ್ರಾಕ್ಟಿಕಲ್ ದಿನ ಬಂದಿತು. ನನಗೆ ವಹಿಸಿದ್ದು ಹಾಸಿಗೆ ಹಿಡಿದ ರೋಗಿಯ ಬೆನ್ನಿನ ಆರೈಕೆ. ರೋಗಿಯ ಜಾಗದಲ್ಲಿ ಪ್ಲಾಸ್ಟಿಕ್ ಡಮ್ಮಿ.

ನಮ್ಮ ಭಾಗದಲ್ಲಿ ಒಬ್ಬ ರೋಗಿಯ ಹಿಂದೆ ಒಂದು ಟ್ರ್ಯಾಕ್ಸ್ ಗಾಡಿ ತುಂಬ ಸಂಬಂಧಿಕರು ಬರುವುದು ಸರ್ವವಿದಿತ. ರಾಮದುರ್ಗದಿಂದ ಮಾವ, ಬೈಲಹೊಂಗಲದಿಂದ ಬೀಗರು. ಅವರನ್ನು ಹೊರಗೆ ಕಳುಹಿಸದೆ ನಾವು ರೋಗಿಯ ಹೊದಿಕೆ ಸರಿಸುವುದೇ ಇಲ್ಲ.

ಹೊದಿಕೆಗೆ ಕೈ ಹಾಕಿದೆ. ಹಿರಿಯರೊಬ್ಬರು ಕನ್ನಡಕ ಏರಿಸಿಕೊಂಡು ಬಗ್ಗಿ ನೋಡುತ್ತಿದ್ದರು. ಬಾಯಿ ನನ್ನ ಅಪ್ಪಣೆಗೆ ಕಾಯಲಿಲ್ಲ.

"ಕಾಕಾ, ಹೊರಗ ನಿಂದರ್ರಿ. ಪೇಷಂಟ್‌ಗೆ ಗಾಳಿ ಆಡೂದ ಬ್ಯಾಡೇನ್ರಿ?"

ಅವರು ಹೋದರು. (ಹೋದರಲ್ಲ ಎಂಬುದೇ ನನಗೆ ಇಂದಿಗೂ ಆಶ್ಚರ್ಯ.) ಪರದೆ ಎಳೆದು ಕೆಲಸ ಆರಂಭಿಸಿದೆ. ಪಕ್ಕದ ಮಂಚದಿಂದ ಸಹಪಾಠಿ ಪಿಸುಗುಟ್ಟಿದಳು: "ಅಕ್ಕಾ, ಅವರು ಎಕ್ಸಾಮಿನರ್ ರೀ."

ಒದ್ದೆ ಬಟ್ಟೆ ಡಮ್ಮಿಯ ಮುಖದ ಮೇಲೆ ಬಿತ್ತು. ನನ್ನ ಕಣ್ಣ ಮುಂದೆ ಅಟ್ಟ.

ಬಾಗಿಲಾಚೆಯಿಂದ ಧ್ವನಿ ಕೇಳಿಸಿತು. "ಸಿಸ್ಟರ್, ನಾ ಈಗರೆ ಒಳಗ ಬರಬಹುದೇನ್ರಿ?"

"ಬರ್ರಿ ಸರ್," ಎಂದೆ. ಅಷ್ಟಕ್ಕೇ ನಿಲ್ಲಿಸಬಾರದಿತ್ತೇ? "ಚಪ್ಪಲಿ ಅಲ್ಲೇ ಬಿಡ್ರಿ," ಎಂದೂ ಸೇರಿಸಿದೆ.

ಬರಿಗಾಲಲ್ಲಿ ಬಂದು ಕೇಳಿದರು: "ನನ್ನ ಯಾಕ ಹೊರಗ ಹಾಕಿದ್ರಿ?"

"ಪೇಷಂಟ್ ಮರ್ಯಾದಿ, ಸರ್."

"ಬೊಂಬಿಗೂ ಮರ್ಯಾದಿ?"

"ಬೊಂಬಿ ಅನ್ನೂದ ಮರತ ಹೋಗಿತ್ರಿ."

ಅವರು ನಕ್ಕರು. ಸಹಪಾಠಿ ನಕ್ಕಳು. ನಗದೆ ಉಳಿದದ್ದು ಡಮ್ಮಿ ಮತ್ತು ನಾನು.

"ಪ್ರೈವಸಿಗೆ ಮಾರ್ಕ್ಸ್ ಅದಾವರಿ," ಎಂದರು. "ಆದ್ರ ಅವನ್ನ ಕೊಡಾಕ ನಾ ಒಳಗ ಇರಬೇಕಾಗ್ತದ ನೋಡ್ರಿ."

ಸದರಿ ಪರೀಕ್ಷೆಯಲ್ಲಿ ನಾನು ಉತ್ತೀರ್ಣಳಾಗಿರುತ್ತೇನೆಂದು ತಿಳಿಸಲು ಹರ್ಷವಾಗುತ್ತದೆ. (ಎಷ್ಟು ಹರ್ಷವೆಂದರೆ, ಮನೋಳಿ ಬಸ್ಸಿನ ಕಂಡಕ್ಟರರಿಗೂ ಪೇಡೆ ತಿನ್ನಿಸಿದ್ದೇನೆ.)

ಅತ್ತೆಯವರು ಪೇಡೆ ಬಾಯಿಗೆ ಹಾಕಿಕೊಂಡು ಕೇಳಿದರು: "ಇದರ ಮ್ಯಾಲ ಇನ್ನೊಂದ ಐತೇನ?"

"ಎಂ.ಎಸ್ಸಿ. ಐತ್ರಿ."

"ಮತ್ತ ಸುಮ್ನ ಯಾಕ ಕುಂತಿ?"

ಆದಕಾರಣ, ಎಂ.ಎಸ್ಸಿ. ಪರೀಕ್ಷೆಗೆ ಎಷ್ಟು ಮಂದಿ ಪರೀಕ್ಷಕರು ಬರುತ್ತಾರೆ, ಅವರೆಲ್ಲರೂ ನಿಲ್ಲಲು ಹೊರಗಿನ ವರಾಂಡ ಸಾಕಾಗುವುದೇ ಎಂಬುದನ್ನು ಬಲ್ಲವರು ತಿಳಿಸಬೇಕಾಗಿ ವಿನಂತಿ.